ಮನೆಗೇ ಬಂದ ವೋಟು, ಶಾಲೆಗೆ ಹೋದ ಅಜ್ಜ: 85 ದಾಟಿದವರ ಮನೆ ಮತದಾನ ಬಳಸಿದ ಅನುಭವ

ಮೊನ್ನೆ ಒಂದು ಮದುವೆ ಮನೇಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳಿದ್ರು, ನಿಮ್ಮಲ್ಲಿ ಅಜ್ಜ ಅಜ್ಜಿಗೆ ಮನೆಗೇ ಬಂದು ವೋಟು ಹಾಕಿಸ್ಕೊಂಡು ಹೋದ್ರಂತಲ್ಲ, ಹೇಗೆ ಅದು, ನಮ್ಮ ಅಮ್ಮನಿಗೂ ಮಾಡಿಸ್ಬಹುದಾ ಅಂತ. ಪಾಯಸ ಬರುವವರೆಗೂ ಅದೇ ಮಾತಾಯ್ತು. ಮನೆಗೆ ಬಂದ ಮೇಲೆ ಅನ್ನಿಸ್ತು ಇದನ್ನ ಬರೆದೇ ಇಡುವ ಅಂತ, ಹೋಟೆಲಿಗೆ ಹೋದ್ರೆ ಬರಿತೇವೆ, ಮಿಕ್ಸಿ ತಗೊಂಡ್ರೆ ಬರಿತೇವೆ, ಇಂಥದ್ದಕ್ಕೆ ಯಾರೂ ಬರೆಯುವುದಿಲ್ಲ, ಮನೇಲಿ ವಯಸ್ಸಾದವರು ಇರುವವರಿಗೆ ನಿಜವಾಗಿ ಬೇಕಾದದ್ದು ಇದು. ಮೊದಲೇ ಹೇಳ್ತೇನೆ, 5ರಲ್ಲಿ 4 ಕೊಡ್ತೇನೆ. ಆ ಒಂದು ಯಾಕೆ ಕಡಿಮೆ ಮಾಡಿದೆ ಅಂತ ಹೇಳ್ಲಿಕ್ಕೆ ಸ್ವಲ್ಪ ಉದ್ದ ಬರೀಬೇಕಾಗ್ತದೆ, ಅದು ಅಜ್ಜನ ಪಕ್ಷದ ಕಥೆ.

ನಮ್ಮ ಮನೆ ಉಪ್ಪಳದಿಂದ ಒಳಗೆ, ಪೈವಳಿಕೆ ಕಡೆ. ಮಂಜೇಶ್ವರ ಅಸೆಂಬ್ಲಿ, ಕಾಸರಗೋಡು ಲೋಕಸಭೆ. ಬೂತ್ ಇರುವುದು ಕನ್ನಡ ಶಾಲೆಯಲ್ಲಿ, ತೋಟ ಇಳಿದು, ಸಂಕ ದಾಟಿ, ಗುಡ್ಡೆ ಹತ್ತಿದ್ರೆ ರಸ್ತೆ, ಅಲ್ಲಿಂದ ಮತ್ತೆ ನಡೀಬೇಕು. 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಅಜ್ಜನಿಗೆ 91, ಅಜ್ಜಿಗೆ 86. ಅಜ್ಜಿಗೆ ಎರಡೂ ಮೊಣಗಂಟು ಹೋಗಿದೆ, ಅಜ್ಜ ಕೋಲು ಹಿಡ್ಕೊಂಡು ಅಂಗಳದವರೆಗೆ ನಡೀತಾರೆ.

ಮೊದಲು ಸರ್ವೀಸ್ ಹೇಗೆ ಕೆಲಸ ಮಾಡ್ತದೆ ಅಂತ ಹೇಳ್ತೇನೆ. ವೋಟರ್ ಲಿಸ್ಟಿನಲ್ಲಿ ವಯಸ್ಸು 85 ದಾಟಿದ್ರೆ ಅಥವಾ ಶೇಕಡಾ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ರೆ ಮನೇಲೇ ಪೋಸ್ಟಲ್ ಬ್ಯಾಲೆಟ್ ಹಾಕ್ಬಹುದು. ಅದಕ್ಕೆ 12ಡಿ ಅಂತ ಒಂದು ಫಾರ್ಮ್, ಬಿಎಲ್ಒ, ಅಂದ್ರೆ ಬೂತಿನ ವೋಟರ್ ಲಿಸ್ಟ್ ನೋಡ್ಕೊಳ್ಳುವವರು, ಮನೆಗೆ ತಂದು ಕೊಡ್ತಾರೆ, ಚುನಾವಣೆ ನೋಟಿಫಿಕೇಷನ್ ಆಗಿ ಐದು ದಿನದ ಒಳಗೆ ತುಂಬಿ ವಾಪಸ್ ಕೊಡ್ಬೇಕು. ಕೇರಳದಲ್ಲಿ ವೋಟು ಇದ್ದದ್ದು ಏಪ್ರಿಲ್ 26ಕ್ಕೆ, ನೋಟಿಫಿಕೇಷನ್ ಆದದ್ದು ಮಾರ್ಚ್ 28ಕ್ಕೆ, ಅಂದ್ರೆ ವೋಟಿಗೆ ಇನ್ನೂ ಸುಮಾರು ಒಂದು ತಿಂಗಳು ಉಂಟಲ್ಲ ಆಮೇಲೆ ನೋಡುವ ಅಂತ ಕೂತವರಿಗೆ ಸಿಗ್ಲಿಲ್ಲ. ಇದು ನೆನಪಿಡಿ. ಇನ್ನೊಂದು ಇದಕ್ಕಿಂತ ದೊಡ್ಡ ವಿಷಯ, ಈ ಫಾರ್ಮ್ ಕೊಟ್ಟು ಅದು ಪಾಸಾದ್ರೆ ಲಿಸ್ಟಿನಲ್ಲಿ ಹೆಸರಿನ ಎದುರು ಗುರುತು ಬೀಳ್ತದೆ, ಮತ್ತೆ ಬೂತಿಗೆ ಹೋಗಿ ವೋಟು ಹಾಕ್ಲಿಕ್ಕೆ ಬಿಡುವುದಿಲ್ಲ. ಟೀಚರ್ (ನಮ್ಮಲ್ಲಿ ಬಿಎಲ್ಒ ಅಂಗನವಾಡಿ ಟೀಚರ್) ಇದನ್ನ ಸರಿಯಾಗಿಯೇ ಹೇಳಿದ್ರು. ನಾವೇ ಅಷ್ಟು ತಲೆಗೆ ಹಾಕ್ಕೊಳ್ಳಲಿಲ್ಲ, ಅಜ್ಜನ ಹತ್ರ ಒಂದು ಮಾತು ಸರಿಯಾಗಿ ಕೇಳದೆ, ಬಿಸಿಲಿಗೆ ಆ ಗುಡ್ಡೆ ಹತ್ತಿಸುವುದು ಬೇಡ ಅಂತ ನಾವು ನಾವೇ ತೀರ್ಮಾನ ಮಾಡಿ ಸೈನ್ ಹಾಕಿಸಿದೆವು.

ಕೆಳಗಿನ ಮನೆ ಹಾಜಿಕನದ್ದು ಬೇರೆ ಕಥೆ. 2021ರ ಅಸೆಂಬ್ಲಿ ಚುನಾವಣೆಗೆ ಈ ಸೌಲಭ್ಯ 80 ದಾಟಿದವರಿಗೆ ಇತ್ತು, ಆಗ ಅವರಿಗೆ 79. ಸರಿ ಮುಂದಿನ ಸಲ ಅಂತ ಕಾದರು. 2024 ಮಾರ್ಚಿನಲ್ಲಿ ರೂಲ್ ಬದಲಾಗಿ 85 ಆಯ್ತು, ಅವರಿಗೆ ಆಗ 82. ಆದ್ರೂ ಮುಖ ಸಣ್ಣ ಮಾಡ್ಲಿಲ್ಲ ಅವರು, ನಾನು ನಡೆದೇ ಹೋಗುವವ ಅಂದ್ರು.

ವೋಟಿಗೆ ಒಂದು ವಾರ ಮುಂಚೆ ಟೀಮ್ ಬಂತು, ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ರು. ಜೀಪು ಗುಡ್ಡೆ ಮೇಲೆ ನಿಲ್ಲಿಸಿ ತೋಟದೊಳಗಿಂದ ಸಾಲಾಗಿ ನಡ್ಕೊಂಡು ಬಂದ್ರು, ಇಬ್ರು ಆಫೀಸರ್‌ಗಳು, ಒಬ್ಬ ಪೊಲೀಸ್, ವಿಡಿಯೋ ಮಾಡುವ ಹುಡುಗ, ನೋಡ್ಕೊಳ್ಳಲಿಕ್ಕೆ ಇನ್ನೊಬ್ರು. ಪಕ್ಷದವರಿಗೂ ಗೊತ್ತಿರ್ತದೆ, ಅವರ ಏಜೆಂಟ್‌ಗಳೂ ಬರಬಹುದು, ನಮ್ಮಲ್ಲಿ ಇಬ್ರು ಬಂದು ಅಂಗಳದಲ್ಲೇ ನಿಂತಿದ್ರು. ಅಜ್ಜಿ ಬೆಲ್ಲ ನೀರು ಇಟ್ಟಿದ್ರು, ಅವಲಕ್ಕಿ ಕಲಸಿದ್ರು, ಆಫೀಸರ್ ಕೈ ಮುಗಿದು, ಅಜ್ಜಿ ನಾವು ಹೀಗೆಲ್ಲ ತಿನ್ನುವ ಹಾಗಿಲ್ಲ, ನೀರು ಸಾಕು ಅಂದ್ರು, ಅದೂ ಎಷ್ಟು ಮರ್ಯಾದೆಯಲ್ಲಿ ಹೇಳಿದ್ರು ಅಂದ್ರೆ ಅಜ್ಜಿಗೆ ಬೇಜಾರಾಗ್ಲಿಲ್ಲ. ಚಾವಡಿಯ ಅಕ್ಕಿ ಪತ್ತಾಯದ ಮೇಲೆ ರಟ್ಟಿನ ಮರೆ ಇಟ್ರು. ಗುರುತಿನ ಕಾರ್ಡ್ ನೋಡಿ, ಡಿಕ್ಲರೇಷನ್ನಿಗೆ ಸೈನ್ ಹಾಕಿಸಿ, ಬ್ಯಾಲೆಟ್ ಕೊಟ್ಟು, ಗುರುತು ಹಾಕಿ ಮಡಚಿ ಸಣ್ಣ ಕವರಿಗೆ ಹಾಕಿ ಅಂಟಿಸಿ, ಆ ಸಣ್ಣ ಕವರು ಡಿಕ್ಲರೇಷನ್ ಜೊತೆ ದೊಡ್ಡ ಕವರಿಗೆ. ವಿಡಿಯೋದವ ಗುರುತು ಹಾಕುವಾಗ ಕ್ಯಾಮೆರಾ ತಿರುಗಿಸಿ ನಿಂತ, ಇದು ನನಗೆ ತುಂಬ ಖುಷಿ ಕೊಟ್ಟದ್ದು.

ಅಜ್ಜಿಯದ್ದು ಮೊದಲು. ಎಲ್ರನ್ನೂ ಹೊರಗೆ ಹೋಗಿ ಅಂದ್ರು, ಕಣ್ಣು ಮಂಜು, ಸಹಾಯಕ್ಕೆ ಒಬ್ರು ನಿಲ್ಲಬಹುದು ಅಂತ ಆಫೀಸರ್ ಹೇಳಿದ್ರೂ ಬೇಡ ಅಂದ್ರು. ನಾವು ಜಗಲಿಯಲ್ಲಿ ಕಾದೆವು. ಎಂಟು ನಿಮಿಷ ಆಯ್ತು, ನಾನು ಗಡಿಯಾರ ನೋಡಿದ್ದೇನೆ. ಬೂತಿನಲ್ಲಿ ಹಿಂದೆ ಯಾರೋ ಕ್ಯೂ ನಿಂತಿರ್ತಾರೆ, ಮುಂದೆ ಅಜ್ಜ ಇರ್ತಾರೆ, ದಾರಿ ಉದ್ದಕ್ಕೂ ಅಜ್ಜನ ಪಕ್ಷದವರೇ ಕೈ ಹಿಡಿದು ಕರ್ಕೊಂಡು ಹೋಗ್ತಿದ್ರು, ಇಷ್ಟು ವರ್ಷದಲ್ಲಿ ಎಂಟು ನಿಮಿಷ ತನ್ನಷ್ಟಕ್ಕೆ ತಾನು ಒಂದು ಬ್ಯಾಲೆಟ್ ಎದುರು ಕೂತದ್ದು ಅವರು ಇದೇ ಮೊದಲು. ಅಂಟು ಹಾಕಿದ ಕವರು ಹಿಡ್ಕೊಂಡು ಬಂದಾಗ ಮುಖದಲ್ಲಿ ಒಂದು ಸಮಾಧಾನ ಇತ್ತು. ಯಾರಿಗೆ ಹಾಕಿದ್ರು ಅಂತ ಇವತ್ತಿಗೂ ಹೇಳ್ಲಿಲ್ಲ, ನಾವು ಕೇಳ್ಲೂ ಇಲ್ಲ.

ಅಜ್ಜನದ್ದು ಅರ್ಧ ನಿಮಿಷ. ಕಾಗದ ಕೈಗೆ ಬಂದಾಗ ಅವರು ಹೇಳಿದ್ದು ಒಂದೇ, "ಮತ್ತೆ ಕಾಗದವೇ ಬಂತಲ್ಲ ಮಗಾ."

ಅಜ್ಜನ ಮೊದಲ ವೋಟು 1957ರದ್ದು. ಆಗ 21 ಆಗದೆ ವೋಟು ಇರ್ಲಿಲ್ಲ, 18 ಆದದ್ದು 1989ರಲ್ಲಿ. ಆ 1957ರಲ್ಲಿ ಮಂಜೇಶ್ವರ ಅಸೆಂಬ್ಲಿಗೆ ವೋಟೇ ನಡೀಲಿಲ್ಲ, ಉಮೇಶ ರಾವ್ ಅವಿರೋಧವಾಗಿ ಬಂದ್ರು, ಹಾಗಾಗಿ ಅಜ್ಜ ಹಾಕಿದ್ದು ಲೋಕಸಭೆಗೆ ಮಾತ್ರ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ನಿಂತಿದ್ದ ವೋಟು ಅದು. ಆ ಕಾಲದಲ್ಲಿ ಸೀಲು ಒತ್ತುವುದು ಇಲ್ಲ, ಒಬ್ಬೊಬ್ಬ ಕ್ಯಾಂಡಿಡೇಟಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಚಿಹ್ನೆ ಅಂಟಿಸಿರ್ತಿದ್ರು, ನಮಗೆ ಬೇಕಾದ ಪೆಟ್ಟಿಗೆಗೆ ಕಾಗದ ಹಾಕಿ ಬರುವುದು. ತೆನೆ ಕತ್ತಿಯ ಪೆಟ್ಟಿಗೆ ಅಜ್ಜನ ಕಮ್ಯುನಿಸ್ಟ್ ಪಕ್ಷದ್ದು, ಜೋಡೆತ್ತಿನ ಪೆಟ್ಟಿಗೆ ಕಾಂಗ್ರೆಸ್ಸಿನದ್ದು. ಅಜ್ಜ ಅದನ್ನ ಕೈಯಲ್ಲಿ ತೋರಿಸ್ತಾರೆ, ಇಷ್ಟು ಎತ್ತರ ಇತ್ತು, ಇಲ್ಲಿ ಸಂದು ಇತ್ತು, ನನ್ನ ಕಾಗದ ಒಳಗೆ ಬಿದ್ದ ಶಬ್ದ ಕೇಳಿದೆ ಅಂತ. ಆ ಶಬ್ದ ಅವರ ಕಿವಿಯಿಂದ ಇನ್ನೂ ಹೋಗ್ಲಿಲ್ಲ ಅಂತ ನನಗೆ ಅನ್ನಿಸ್ತದೆ.

ಈಗ ಆ ಪ್ರಶ್ನೆ, ನಮ್ಮ ಮನೇಲಿ ನಾನು ಹತ್ತಿಪ್ಪತ್ತು ವರ್ಷದಿಂದ ಕೇಳ್ತಾ ಬಂದದ್ದು, ಊರಲ್ಲಿ ನನ್ನ ಪ್ರಾಯದವರೆಲ್ಲ ಅವರವರ ಮನೇಲಿ ಕೇಳುವುದು. ಯಾಕೆ ಈ ಅಜ್ಜಂದಿರು ಒಂದೇ ಪಕ್ಷ? ರಸ್ತೆ ಆಗದಿದ್ರೂ ಅದೇ, ಕ್ಯಾಂಡಿಡೇಟ್ ಯಾರಾದ್ರೂ ಅದೇ, ಪೇಪರಲ್ಲಿ ಎಂತ ಬಂದ್ರೂ ಅದೇ. ನಾನು ಅಜ್ಜನ ಪಕ್ಷಕ್ಕೆ ಹಾಕುವವ ಅಲ್ಲ, ಅದು ಅವರಿಗೂ ಗೊತ್ತು. ಕಾಲೇಜಿನಲ್ಲಿರುವಾಗ ಒಂದು ಸಲ ಜೋರಾಗಿ ಜಗಳ ಆಯ್ತು, ಅಜ್ಜ ಈಗ ಇರುವ ಪಕ್ಷ ನೀವು ಹೇಳುವ ಆ ಪಕ್ಷ ಅಲ್ಲ, ನೀವು ಹೇಳುವ ಜನ ಎಲ್ಲ ಸತ್ತು ಹೋಗಿದ್ದಾರೆ ಅಂದೆ. ಅವರು ಸಿಟ್ಟು ಮಾಡ್ಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಒಂದು ಕಾಗದ ತಂದ್ರು.

ಅದು ಪಟ್ಟೆ ಕಾಗದ, ಜಾಗ ನಮ್ಮದು ಅಂತ ಸರ್ಕಾರ ಕೊಟ್ಟ ಪತ್ರ. ನಾಲ್ಕಾಗಿ ಮಡಚಿದ್ದು, ಮಡಿಕೆ ಮಡಿಕೆಗೆ ಹರಿದು ಸೆಲ್ಲೋಟೇಪ್ ಅಂಟಿಸಿ, ಆ ಟೇಪೂ ಹಳದಿಯಾಗಿ ಎದ್ದು ಬಂದಿದೆ, ಮೂಗಿನ ಹತ್ರ ತಂದ್ರೆ ಕರ್ಪೂರದ ವಾಸನೆ. ಬರೆದಿರುವುದು ಮಲಯಾಳದಲ್ಲಿ, ಅಜ್ಜನಿಗೆ ಓದ್ಲಿಕ್ಕೆ ಬರುವುದಿಲ್ಲ. ಎಲ್ಲಿ ತನ್ನ ಹೆಸರುಂಟು ಅಂತ ಮಾತ್ರ ಗೊತ್ತು, ಬೆರಳಿಟ್ಟು ತೋರಿಸ್ತಾರೆ, ಆ ಜಾಗದಲ್ಲಿ ಬೆರಳು ತಾಗಿ ತಾಗಿ ಶಾಯಿ ಮಾಸಿದೆ. ಈ ತೋಟ ನಮ್ಮದಲ್ಲ ಆಗ, ಗೇಣಿಯದ್ದು. ಕೊಯ್ಲು ಆದ ಕೂಡ್ಲೇ ಇಷ್ಟು ಮುಡಿ ಅಕ್ಕಿ ಧನಿಗಳ ಮನೆಗೆ ಹೊತ್ತು ಹಾಕ್ಬೇಕು, ಮಳೆ ಕೈಕೊಟ್ಟ ವರ್ಷವೂ ಅಷ್ಟೇ, ಹಬ್ಬಕ್ಕೆ ಬಾಳೆಗೊನೆ ಸೌತೆಕಾಯಿ ಬೇರೆ, ಯಾವ ದಿನ ಏಳಿ ಅಂದ್ರೂ ಏಳಬೇಕು. 1957ರ ಏಪ್ರಿಲ್ 5ಕ್ಕೆ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರ ಬಂತು, 11ಕ್ಕೆ ಒಕ್ಕಲೆಬ್ಬಿಸುವುದನ್ನ ನಿಲ್ಲಿಸುವ ಆರ್ಡಿನೆನ್ಸ್ ಬಂತು, ಒಂದು ವಾರ ಆಗ್ಲಿಲ್ಲ. ಆ ವರ್ಷ ಅಜ್ಜನ ಅಪ್ಪ ಮೊದಲ ಸಲ ತೋಟದಲ್ಲಿ ಹೊಸ ಅಡಿಕೆ ಸಸಿ ನೆಟ್ಟರಂತೆ, ಅಲ್ಲಿಯವರೆಗೆ ನಾಳೆ ನಮಗೆ ಉಂಟೋ ಇಲ್ವೋ ಅಂತ ನೆಡ್ತಾ ಇರ್ಲಿಲ್ಲ. ಆಮೇಲೆ 1970 ಜನವರಿ 1ಕ್ಕೆ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿಯೇ ಹೋಯ್ತು. ಅಷ್ಟರಲ್ಲಿ ಪಕ್ಷ ಒಡೆದು ಎರಡಾಗಿತ್ತು, ಕಾನೂನು ಪಾಸು ಮಾಡಿದ್ದು ಸಿಪಿಎಂನ ಇ.ಎಂ.ಎಸ್. ಕಾಲದಲ್ಲಿ, ಜಾರಿಗೆ ಬರುವಾಗ ಮುಖ್ಯಮಂತ್ರಿ ಸಿಪಿಐಯ ಅಚ್ಯುತ ಮೆನನ್, ಯಾರಿಂದ ಆದದ್ದು ಅಂತ ಎರಡು ಕಮ್ಯುನಿಸ್ಟ್ ಪಕ್ಷದವರೂ ಜಗಳ ಆಡಿದ್ದಾರೆ. ಅಜ್ಜನಿಗೆ ಆ ಜಗಳ ಬೇಡ. ಅದೇ 1970ರಲ್ಲಿ ಮಂಜೇಶ್ವರದಲ್ಲಿ ಸಿಪಿಐಯ ಎಂ. ರಾಮಪ್ಪ ಗೆದ್ದರು, ಅಜ್ಜನ ಲೆಕ್ಕದಲ್ಲಿ ಅದು ಊರೇ ಸಾಲ ತೀರಿಸಿದ್ದು.

ಆ ದಿನ ಕಾಗದ ಮಡಚುತ್ತಾ ನನಗೆ ಹೇಳಿದ್ದು, "ಈ ತೋಟ ಮಾರಿ ಬಾ, ಆಮೇಲೆ ಬೇರೆ ಪಕ್ಷದ ಮಾತಾಡುವ." ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ತೋಟದ ಅಡಿಕೆಯಲ್ಲೇ ಅಲ್ವಾ ನಾನು ಕಾಲೇಜಿಗೆ ಹೋದದ್ದು. ಅವರ ತೆನೆ ಕತ್ತಿ ನಮ್ಮ ಲೋಕಸಭೆ ವೋಟಿನಲ್ಲಿ ಕಾಣದೆ ಎಷ್ಟೋ ವರ್ಷ ಆಯ್ತು, ಕೂಟದ ಕ್ಯಾಂಡಿಡೇಟಿಗೆ ಹಾಕುವುದು, ಆದ್ರೂ ಬಾಯಲ್ಲಿ ತೆನೆ ಕತ್ತಿಗೇ ಹಾಕಿ ಬಂದೆ ಅಂತ ಹೇಳ್ತಾರೆ. ಹಠ ಅಂತ ನಾನು ತಿಳ್ಕೊಂಡಿದ್ದೆ. ಹಠ ಅಲ್ಲ ಅದು. ಈಗಿನ ಪಕ್ಷ ಒಳ್ಳೆದು ಅಂತ ಅವರು ಒಂದು ದಿನವೂ ನನ್ನ ಹತ್ರ ವಾದ ಮಾಡ್ಲಿಲ್ಲ, ಬೈಯುವುದಾದ್ರೆ ನನಗಿಂತ ಜಾಸ್ತಿ ಬೈತಾರೆ. ಅವರು ವೋಟು ಹಾಕುವುದು ಈಗಿನವರಿಗೆ ಅಲ್ಲ, ಆ ಒಂದು ಕಾಗದಕ್ಕೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಮ್ಮ ಕಡೆ ಹೇಳುವುದನ್ನ ಅವರು ವೋಟಿಗೂ ತಂದಿದ್ದಾರೆ ಅಷ್ಟೇ.

ಅದೇ ಮನೇಲಿ ಅಜ್ಜಿ ಬೇರೆ. ಅಜ್ಜಿ ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು, 1956 ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ದಿನ ತವರುಮನೇಲಿ ಒಲೆ ಹಚ್ಚಲಿಲ್ಲ ಅಂತ ಹೇಳ್ತಾರೆ. ಅವರ ಮೊದಲ ವೋಟು 1960, ಕರ್ನಾಟಕಕ್ಕೆ ಸೇರಬೇಕು ಅಂತ ನಿಂತ ಮಹಾಬಲ ಭಂಡಾರಿಯವರಿಗೆ. ಅವರು ಗೆದ್ದರು, 1965ರಲ್ಲೂ 1967ರಲ್ಲೂ ಗೆದ್ದರು. ಮಹಾಜನ್ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವುದನ್ನ ಆಗಿನ ಮೈಸೂರು ರಾಜ್ಯಕ್ಕೆ ಕೊಡ್ಬೇಕು ಅಂತ ಬರೆದೂ ಕೊಟ್ಟಿತು, ಅದು ಅಲ್ಲೇ ಉಳೀತು. ಆ ಹೋರಾಟದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರು ವರ್ಷ ತುಂಬಿ ತೀರ್ಕೊಂಡ ದಿನ ಅಜ್ಜಿ ರೇಡಿಯೋ ಹತ್ರವೇ ಕೂತಿದ್ರು. ಅಜ್ಜಿಯ ನಿಷ್ಠೆಗೆ ಈಗ ಪಕ್ಷವೂ ಇಲ್ಲ, ಚಿಹ್ನೆಯೂ ಇಲ್ಲ, ಆದ್ರೂ ಅದು ಹೋಗ್ಲಿಲ್ಲ. ಕ್ಯಾಂಡಿಡೇಟ್ ಯಾರೇ ಮನೆಗೆ ಬರ್ಲಿ ಮೊದಲು ಕೇಳುವುದು ನಿಮಗೆ ಕನ್ನಡ ಬರ್ತದಾ ಅಂತ. 2021ರಲ್ಲಿ ಮಂಜೇಶ್ವರದಿಂದ ಗೆದ್ದ ಎ.ಕೆ.ಎಂ. ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತಗೊಂಡದ್ದನ್ನ ನಾನು ಮೊಬೈಲಲ್ಲಿ ತೋರಿಸಿದೆ, ಎರಡು ಸಲ ಹಾಕು ಅಂದ್ರು. ಒಂದೇ ಮನೇಲಿ ಭೂಮಿ ಕೊಟ್ಟದ್ದು ತಿರುವನಂತಪುರದ ಕಾನೂನು, ಕನ್ನಡದಿಂದ ದೂರ ಮಾಡಿದ್ದೂ ಆ ಕಡೆಗೇ ಸೇರಿಸಿದ ಗಡಿ, ಇಬ್ರೂ ಅರವತ್ತು ವರ್ಷ ಒಟ್ಟಿಗೆ ಒಂದೇ ಬೂತಿಗೆ ನಡೆದಿದ್ದಾರೆ. ಯೋಚನೆ ಮಾಡಿದ್ರೆ ಗಂಟಲು ಕಟ್ಟುತ್ತದೆ ನನಗೆ.

ಹಾಜಿಕನದ್ದು ಏಣಿ, ಮುಸ್ಲಿಂ ಲೀಗಿನ ಚಿಹ್ನೆ. ಅವರ ತಮ್ಮ ಗಲ್ಫಿನಲ್ಲಿ ತೀರ್ಕೊಂಡಾಗ ಹೆಣ ಊರಿಗೆ ತರುವ ಕಾಗದ ಪತ್ರ ಎಲ್ಲ ಮಾಡಿಸಿದ್ದು ಗಲ್ಫಿನಲ್ಲಿರುವ ಲೀಗಿನ ಸಂಘಟನೆ ಕೆಎಂಸಿಸಿಯವರು, ಮುಗೀತು, ಅದರ ಮೇಲೆ ಯಾರೂ ಅವರಿಗೆ ಪಾಲಿಟಿಕ್ಸ್ ಹೇಳ್ಬೇಕಾಗಿಲ್ಲ. 2016ರಲ್ಲಿ ಮಂಜೇಶ್ವರದಲ್ಲಿ ಲೀಗಿನ ಅಬ್ದುಲ್ ರಜಾಕ್ ಗೆದ್ದದ್ದು ಬರೇ 89 ವೋಟಿಗೆ, ಅದರಲ್ಲಿ ನಮ್ಮ ಮನೆಯದ್ದೇ ಏಳು ಅಂತ ಇವತ್ತಿಗೂ ಹೇಳ್ತಾರೆ, ಒಂದು ವೋಟಿಗೆ ಬೆಲೆ ಉಂಟಾ ಅಂತ ಕೇಳುವ ಹುಡುಗರಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ಆಚೆ ಮನೆ ರಿಟೈರ್ಡ್ ಮಾಷ್ಟ್ರದ್ದು ಕಮಲ, ಅವರು ಅದು ಜನಸಂಘದ ದೀಪ ಆಗಿದ್ದ ಕಾಲದಿಂದ ಇದ್ದವರು, ಎಮರ್ಜೆನ್ಸಿಯಲ್ಲಿ ಜೈಲಿಗೆ ಹೋಗಿ ಬಂದಿದ್ದಾರೆ. ಜೈಲಲ್ಲಿ ಒಟ್ಟಿಗೆ ಗಂಜಿ ಕುಡಿದವರನ್ನ ಬಿಟ್ಟು ಬಾ ಅಂದ್ರೆ ಬರ್ತಾರಾ ಯಾರಾದ್ರೂ.

ಪಾಲಿಟಿಕಲ್ ಸೈನ್ಸ್ ಕಲಿಯುವಾಗ ಓದಿದ್ದು ನೆನಪುಂಟು, ಅಮೆರಿಕದಲ್ಲಿ ಬೆನಿಂಗ್ಟನ್ ಅಂತ ಒಂದು ಕಾಲೇಜು, ಆಗ ಹೆಣ್ಮಕ್ಕಳದ್ದು, ಅಲ್ಲಿ 1930ರ ದಶಕದಲ್ಲಿ ನ್ಯೂಕೋಂಬ್ ಅಂತ ಒಬ್ರು ವಿದ್ಯಾರ್ಥಿನಿಯರ ರಾಜಕೀಯ ಅಭಿಪ್ರಾಯ ಕೇಳಿ ಇಟ್ಟರು, ದಶಕಗಳು ಕಳೆದ ಮೇಲೆ ಅದೇ ಹೆಂಗಸರನ್ನ ಹುಡುಕಿ ಕೇಳಿದಾಗ ಹೆಚ್ಚಿನವರು ಕಾಲೇಜಲ್ಲಿ ಹಿಡಿದ ದಾರಿಯಲ್ಲೇ ಇದ್ರು. ಹರೆಯದಲ್ಲಿ ಬಿದ್ದ ಅಚ್ಚು ಹೋಗುವುದಿಲ್ಲ ಅಂತ. ಆಗ ಪರೀಕ್ಷೆಗೆ ಬರೆದು ಮರ್ತಿದ್ದೆ. ಅಚ್ಚು ಇರಬಹುದು, ಆದ್ರೆ ಅಚ್ಚು ಒಂದೇ ಆದ್ರೆ ಮಾಸ್ತದೆ ಅಂತ ನನ್ನ ಲೆಕ್ಕ. ಅದನ್ನ ಪ್ರತೀ ಸಲ ತಿದ್ದಿ ಗಟ್ಟಿ ಮಾಡುವುದು ಆ ಬೂತಿನ ದಿನ, ಆ ಜನ. ನಮ್ಮ ಕಾಸರಗೋಡು ಲೋಕಸಭೆ 1989ರಿಂದ ಬಿಡದೆ ಸಿಪಿಎಂನದ್ದೇ ಆಗಿತ್ತು, 2019ರಲ್ಲಿ ಅದು ತಿರುಗಿ ಕಾಂಗ್ರೆಸ್ಸಿನ ರಾಜಮೋಹನ್ ಉಣ್ಣಿತ್ತಾನ್ ಗೆದ್ದರು, 2024ರಲ್ಲಿ ಮತ್ತೆ ಅವರೇ. ಕ್ಷೇತ್ರ ತಿರುಗ್ತದೆ, ನಮ್ಮ ಜಗಲಿ ತಿರುಗ್ಲಿಲ್ಲ.

ಇದೆಲ್ಲ ನನಗೆ ಅರ್ಥ ಆದದ್ದು ಏಪ್ರಿಲ್ 26ರ ಬೆಳಿಗ್ಗೆ. ವೋಟು ಒಂದು ವಾರ ಮುಂಚೆಯೇ ಮುಗ್ದಿದೆ. ಆದ್ರೂ ಆರು ಗಂಟೆಗೆ ಅಜ್ಜ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಬಿಳಿ ಶರ್ಟು, ಬಿಳಿ ಮುಂಡು ಉಟ್ಟು ಜಗಲಿಯಲ್ಲಿ ಕೂತಿದ್ದಾರೆ. ಮೇಲಿನ ರಸ್ತೆಯಲ್ಲಿ ಜನ ಹೋಗುವುದು ಮರದ ಸಂದಿಯಿಂದ ಕಾಣ್ತದೆ. ಚಾ ಕೊಟ್ಟೆ, ಕುಡೀಲಿಲ್ಲ, ಆರಿತು. ಅಜ್ಜ ನಿಮ್ಮದು ಆಗಿದೆ ಅಲ್ವಾ ಅಂದೆ. ಗೊತ್ತುಂಟು ಅಂದ್ರು. ಎಂಟೂವರೆಗೆ ಮೆಲ್ಲ ಕೇಳಿದ್ರು, "ಆಟೋ ಸಿಗ್ತದಾ ಮಗಾ, ಸುಮ್ನೆ ಶಾಲೆವರೆಗೆ ಹೋಗಿ ಬರ್ಬಹುದಾ."

ತೋಟದಿಂದ ಗುಡ್ಡೆ ಮೇಲಿನವರೆಗೆ ನಾನೂ ತಮ್ಮನೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದೆವು, ಆ ಸುಸ್ತೇ ಬೇಡ ಅಂತ ಅಲ್ವಾ ನಾವು ಫಾರ್ಮ್ ತುಂಬಿದ್ದು. ಶಾಲೆ ಒಳಗೆ ಹೋಗ್ಲಿಲ್ಲ, ಬೂತಿನಿಂದ ದೂರ ಪಕ್ಷದವರು ಟೇಬಲ್ ಹಾಕಿ ಸ್ಲಿಪ್ ಬರೆದು ಕೊಡುವಲ್ಲಿ, ಹಲಸಿನ ಮರದ ಅಡಿ ಕೂರಿಸಿದೆವು. ಅಜ್ಜ ಬಂದ್ರು ಅಂತ ಟೇಬಲಿನ ಹುಡುಗರೆಲ್ಲ ಎದ್ದು ನಿಂತ್ರು, ಆಚೆ ಟೇಬಲಿನವರೂ ಎದ್ರು. ಅವತ್ತು ಶುಕ್ರವಾರ, ಹಾಜಿಕ ಜುಮಾಕ್ಕೆ ಮುಂಚೆ ವೋಟು ಮುಗಿಸ್ಬೇಕು ಅಂತ ಬಂದವರು ಕ್ಯೂ ಮುಗಿಸಿ ಇಲ್ಲೇ ಬಂದು ಕೂತರು, ಮಾಷ್ಟ್ರು ಕೊಡೆ ಹಿಡ್ಕೊಂಡು ಬಂದ್ರು. ಮೂರು ಚಿಹ್ನೆ, ಒಂದೇ ಮರದಡಿ, ಅಂಗಡಿಯಿಂದ ಬಂದ ಗೋಳಿಬಜೆ ಒಂದೇ ಕಾಗದದಲ್ಲಿ. ಪಕ್ಷದ ಮಾತು ಒಂದೂ ಇಲ್ಲ, ಈ ವರ್ಷ ಯಾರು ಯಾರು ಬರ್ಲಿಲ್ಲ, ಯಾರು ಹೋದ್ರು, ಯಾರಿಗೆ ಹುಷಾರಿಲ್ಲ ಅಂತ ಲೆಕ್ಕ ಹಾಕಿದ್ದೇ ಒಂದು ಗಂಟೆ. ಆರಿದ ಚಾ ಮುಟ್ಟದಿದ್ದವರು ಅಲ್ಲಿ ಎರಡು ಗ್ಲಾಸ್ ಕುಡಿದ್ರು.

ಆ ಒಂದು ಸ್ಟಾರ್ ಇದಕ್ಕೆ ಕಡಿಮೆ ಮಾಡಿದ್ದು. ಬಂದ ಟೀಮಿನದ್ದು ಎಂತ ತಪ್ಪೂ ಇಲ್ಲ, ಅಷ್ಟು ಚಂದ ಕೆಲಸ ಮಾಡಿದ್ರು. ಮಂಚ ಬಿಟ್ಟು ಏಳ್ಲಿಕ್ಕಾಗದವರಿಗೆ, ಅಜ್ಜಿಯ ಹಾಗೆ ಒಂದು ಮೂಲೆಯಲ್ಲಿ ಯಾರ ಹಂಗೂ ಇಲ್ಲದೆ ಯೋಚಿಸಿ ಹಾಕ್ಬೇಕು ಅನ್ನುವವರಿಗೆ ಇದು ದೊಡ್ಡ ಉಪಕಾರ, ಕಣ್ಣು ಮುಚ್ಚಿ ಮಾಡಿಸಿ. ಆದ್ರೆ ನಿಮ್ಮ ಅಪ್ಪನೋ ಅಜ್ಜನೋ ಅರವತ್ತು ವರ್ಷ ಒಂದೇ ದಾರಿಯಲ್ಲಿ ನಡೆದು ವೋಟು ಹಾಕಿದವರಾದ್ರೆ ಫಾರ್ಮ್ ಮುಂದಿಡುವ ಮೊದಲು ಎದುರು ಕೂತು ಕೇಳಿ, ನಿಮಗೆ ಮನೇಲಿ ಬೇಕಾ ಶಾಲೇಲಿ ಬೇಕಾ ಅಂತ, ನಾವು ಕೇಳದೆ ಬಿಟ್ಟದ್ದನ್ನ ನೀವು ಬಿಡಬೇಡಿ. ಟೀಚರಿಗೆ ಈಗ್ಲೇ ಹೇಳಿಟ್ಟಿದ್ದೇನೆ, ಮುಂದಿನ ಸಲ ನಮ್ಮ ಮನೆಗೆ 12ಡಿ ಒಂದೇ ಸಾಕು, ಅಜ್ಜಿಯದ್ದು. ಅಜ್ಜನಿಗೆ ಆಟೋದವನ ಹತ್ರ ಮಾತಾಡಿ ಆಗಿದೆ, ಕುರ್ಚಿ ಎತ್ತಲಿಕ್ಕೆ ನಾನೂ ತಮ್ಮನೂ ಇದ್ದೇವೆ.